ಹಸಿವನ್ನು ಗುರುತಿಸುವ ಯಂತ್ರ, ಅನ್ನ ಬಡಿಸುವ ಕೈ

ಯಾಯೀರನ ಹನ್ನೆರಡು ವರ್ಷದ ಮಗಳನ್ನು ಪ್ರಭು ಯೇಸು ಬದುಕಿಸಿದ ಪ್ರಸಂಗವನ್ನು ನಾವೆಲ್ಲ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಸತ್ತವಳು ಎದ್ದು ನಡೆದಾಡಿದ ಬೆರಗಿನಲ್ಲಿ ಸಂತ ಮಾರ್ಕನು ಕೊನೆಗೆ ಬರೆದಿಟ್ಟ ಒಂದು ಸಣ್ಣ ಸಂಗತಿ ನಮ್ಮ ಗಮನದಿಂದ ಜಾರಿಹೋಗುತ್ತದೆ. ದಿಗ್ಭ್ರಾಂತರಾಗಿ ನಿಂತಿದ್ದ ಮನೆಯವರಿಗೆ ಪ್ರಭುವು ಆ ಹುಡುಗಿಗೆ ಊಟ ಕೊಡುವಂತೆ ಅಪ್ಪಣೆ ಮಾಡುತ್ತಾರೆ. ಮರಣವನ್ನು ಗೆದ್ದವರಿಗೆ ಮಗುವಿನ ಹೊಟ್ಟೆಯ ನೆನಪಿತ್ತು. ಹೆತ್ತವರಿಗೆ ಇರಲಿಲ್ಲ, ಜೊತೆಗಿದ್ದ ಮೂವರು ಶಿಷ್ಯರಿಗೂ ಇದ್ದಂತೆ ಕಾಣುವುದಿಲ್ಲ.

ಈ ಪ್ರಸಂಗವನ್ನು ಈಗ ನೆನೆಯಲು ಕಾರಣವಿದೆ. ಆಸ್ಪತ್ರೆಗೆ ದಾಖಲಾದವರಲ್ಲಿ ಅಪೌಷ್ಟಿಕತೆಯಿಂದ ನರಳುತ್ತಿರುವವರು ಯಾರೆಂಬುದನ್ನು ಕೃತಕ ಬುದ್ಧಿಮತ್ತೆಯಿಂದ ಪತ್ತೆಹಚ್ಚುವ ಕ್ರಮ ಈಗ ಬಳಕೆಗೆ ಬಂದಿದೆ. ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯವರು ರೂಪಿಸಿದ ಇಂತಹ ಒಂದು ವ್ಯವಸ್ಥೆ ರೋಗಿಯ ವಯಸ್ಸು, ತೂಕ, ರಕ್ತಪರೀಕ್ಷೆಯ ಫಲಿತಾಂಶ ಮೊದಲಾದವುಗಳನ್ನು ಕಂಪ್ಯೂಟರ್ ದಾಖಲೆಗಳಿಂದ ಓದಿಕೊಂಡು, ಆಹಾರತಜ್ಞರು ಯಾರನ್ನು ಮೊದಲು ನೋಡಬೇಕೆಂದು ಸೂಚಿಸುತ್ತದೆ. ಇಂಥದ್ದನ್ನು ನಮ್ಮ ನಾಡಿಗೂ ತಂದರೆ ಬಡರೋಗಿಗಳ ಅರ್ಧ ಕಷ್ಟ ಕಳೆದಂತೆ ಎಂದು ಉತ್ಸಾಹದಿಂದ ಹೇಳುವವರಿದ್ದಾರೆ. ನನ್ನ ತಕರಾರು ಆ ಉತ್ಸಾಹದ ಬಗ್ಗೆ.

ಯಂತ್ರಕ್ಕೆ ಅನ್ಯಾಯ ಮಾಡಬಾರದು. ಅಪೌಷ್ಟಿಕತೆ ಯಾವಾಗಲೂ ಎಲುಬಿನ ಗೂಡಾಗಿ ಕಣ್ಣಿಗೆ ಬೀಳುವುದಿಲ್ಲ. ಮೈಯಲ್ಲಿ ನೀರು ತುಂಬಿ ಬಾತುಕೊಂಡವನ ತೂಕ ಸರಿಯಾಗಿಯೇ ಕಾಣಬಹುದು. ಸ್ಥೂಲದೇಹಿಯೂ ಪೌಷ್ಟಿಕಾಂಶಗಳಿಲ್ಲದೆ ಸೊರಗಿರಬಹುದು. ಒಂದೇ ಪಾಳಿಯಲ್ಲಿ ವಾರ್ಡಿನ ಎಲ್ಲ ಹಾಸಿಗೆಗಳನ್ನೂ ನೋಡಿಕೊಳ್ಳಬೇಕಾದ ದಾದಿಯ ಕಣ್ಣು ತಪ್ಪಿದ್ದನ್ನು ಯಂತ್ರ ಎತ್ತಿ ತೋರಿಸಿದರೆ ಅದು ಉಪಕಾರವೇ ಸರಿ. ಆದರೆ ನ್ಯೂಯಾರ್ಕಿನಲ್ಲಿ ಯಂತ್ರದ ಸೂಚನೆಯ ಹಿಂದೆಯೇ ಆಹಾರತಜ್ಞರು ಹಾಸಿಗೆಯ ಬಳಿಗೆ ಬರುತ್ತಾರೆ, ಅವರು ಬರೆದುಕೊಟ್ಟ ಆಹಾರ ಆಸ್ಪತ್ರೆಯ ಅಡುಗೆಮನೆಯಿಂದಲೇ ಬರುತ್ತದೆ. ನಮ್ಮಲ್ಲಿ ಆ ಸೂಚನೆ ಯಾರ ಕೈಗೆ ಹೋಗುತ್ತದೆ?

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ನುಗ್ಗಿದ್ದು ವಾಚಕರಿಗೆ ನೆನಪಿರಬಹುದು. 1987ರಿಂದ ವಿಶ್ವ ಪರಂಪರೆಯ ತಾಣವಾಗಿರುವ ಊರು ಅದಾದ್ದರಿಂದ ಗುಡಿಗಳ ಚಿತ್ರ ಪತ್ರಿಕೆಗಳಲ್ಲಿ ಬಂತು. ಹೊಳೆಯ ದಂಡೆಯ ಹಳ್ಳಿಗಳ ಕೂಲಿಯವರ ಚಿತ್ರ ಅಷ್ಟಾಗಿ ಬರಲಿಲ್ಲ. ಕೆಲವು ತಿಂಗಳುಗಳ ನಂತರ ಅಂತಹ ಒಂದು ಹಳ್ಳಿಯ ಹೆಣ್ಣುಮಗಳನ್ನು ನಾನು ಒಂದು ಆಸ್ಪತ್ರೆಯಲ್ಲಿ ಕಂಡೆ. ಕ್ಷಯರೋಗ. ಪಕ್ಕದ ಹಾಸಿಗೆಯಲ್ಲಿದ್ದ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರಿಗೆ ಪರಮಪ್ರಸಾದ ಕೊಡಲು ಹೋದವನು ಆಕೆಯನ್ನೂ ಮಾತನಾಡಿಸಿದೆ. ಎಕ್ಸ್‌ರೇ ಆಗಿತ್ತು, ಕಫ ಪರೀಕ್ಷೆ ಆಗಿತ್ತು, ಗುಳಿಗೆ ಶುರುವಾಗಿದ್ದವು. ಹಾಸಿಗೆಯ ತುದಿಯಲ್ಲಿ ತೂಗುಹಾಕಿದ್ದ ಹಾಳೆಯಲ್ಲಿ ತೂಕದ ಮುಂದಿನ ಜಾಗ ಮಾತ್ರ ಖಾಲಿಯಿತ್ತು.

"ಯವ್ವಾ, ನಿನ್ನ ತೂಕ ನೋಡಿಲ್ಲೇನು?" ಎಂದೆ.

"ಯಪ್ಪಾ, ನನ್ನ ತೂಕ ತಗೊಂಡು ಏನ್ ಮಾಡ್ತಾರ್ರಿ? ಹೊತ್ತಿಗೆ ರೊಟ್ಟಿ ಸಿಕ್ರ ತೂಕ ತಾನ ಬರತೈತಿ" ಎಂದಳು.

ಮನೆಯಿಂದ ಬರುತ್ತಿದ್ದ ಎರಡು ರೊಟ್ಟಿಯಲ್ಲಿ ಒಂದನ್ನು ಆಕೆ ಜೊತೆಗಿದ್ದ ಮೊಮ್ಮಗನಿಗೆ ಕೊಡುತ್ತಿದ್ದಳು. ಎರಡು ವಾರದಲ್ಲಿ ಬಿಡುಗಡೆಯಾಗಿ ಊರಿಗೆ ಹೋದಳು. ಬೇಸಿಗೆಗೆ ಮುನ್ನ ತೀರಿಕೊಂಡಳೆಂದು ತಿಳಿಯಿತು. ಆಸ್ಪತ್ರೆಯವರನ್ನು ದೂರುವುದು ನನ್ನ ಉದ್ದೇಶವಲ್ಲ. ನಾನೂ ಸಾಂತ್ವನದ ನಾಲ್ಕು ಮಾತು ಹೇಳಿ, ಪ್ರಾರ್ಥಿಸುತ್ತೇನೆಂದು ಭರವಸೆ ಕೊಟ್ಟು ಬಂದವನೇ. ಮತ್ತೆರಡು ಸಲ ಆ ವಾರ್ಡಿಗೆ ಹೋದೆ. ಎರಡು ಸಲವೂ ಬರಿಗೈಯಲ್ಲಿ ಹೋದೆ.

ಆಕೆ ಹಸಿದಿದ್ದಾಳೆಂದು ತಿಳಿಯಲು ಯಾವ ಬುದ್ಧಿಮತ್ತೆ ಬೇಕಿತ್ತು? ಯಂತ್ರವಿದ್ದಿದ್ದರೂ ಅದು ಓದುವುದು ಯಾರೋ ಬರೆದಿಟ್ಟದ್ದನ್ನು. ತೂಕವನ್ನೇ ಬರೆಯದ ಹಾಳೆಯಿಂದ ಅದು ಏನನ್ನು ತಿಳಿದೀತು? ದಾಖಲೆಗಳು ಚೆನ್ನಾಗಿರುವ ಕಡೆ ಕಲಿತ ಯಂತ್ರ, ದಾಖಲೆಯೇ ಇಲ್ಲದ ಬಡವನ ಎದುರು ಕುರುಡಾಗುತ್ತದೆ. ಇನ್ನು ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದೆ ಗೋವೆಯ ಕಟ್ಟಡ ಕೆಲಸಕ್ಕೆ ಗುಳೆ ಹೋದವರ ಮಾತು ಬೇರೆಯೇ.

ಮಕ್ಕಳ ವಿಷಯದಲ್ಲಿಯೂ ನಮಗೆ ತಿಳಿಯದೆ ಉಳಿದದ್ದು ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಶೇ. 35.4, ಎತ್ತರಕ್ಕೆ ತಕ್ಕ ತೂಕವಿಲ್ಲದವರು ಶೇ. 19.5. ಮಗುವಿನ ತೋಳಿಗೆ ಸುತ್ತುವ ಬಣ್ಣದ ಪಟ್ಟಿಯೊಂದಿದೆ. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳಿನ ಸುತ್ತಳತೆ 115 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಅದಕ್ಕೆ ವಿದ್ಯುತ್ತೂ ಬೇಡ, ನೆಟ್‌ವರ್ಕೂ ಬೇಡ. ಹಾಗೆ ಗುರುತಿಸಿದ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿದರೆ ತಾಯಿ ಸುಮಾರು ಎರಡು ವಾರ ಅಲ್ಲಿರಬೇಕು. ಮನೆಯಲ್ಲಿ ಇನ್ನೆರಡು ಮಕ್ಕಳು, ಹೊಲದಲ್ಲಿ ಕಳೆ ತೆಗೆಯುವ ಕೂಲಿ. ಆಕೆ ಮಗುವನ್ನೆತ್ತಿಕೊಂಡು ಮನೆಗೆ ಹೊರಟುಬಿಡುತ್ತಾಳೆ. ಯಂತ್ರ ಈ ತಾಯಿಗೆ ಏನು ಹೇಳುತ್ತದೆ?

ಇದಕ್ಕಿಂತಲೂ ನನ್ನನ್ನು ಕಾಡುವ ಭಯ ಇನ್ನೊಂದು. ಹಸಿದವರನ್ನು ಗುರುತಿಸಲೆಂದು ಬಂದ ಯಂತ್ರ ಅನ್ನದ ಬಾಗಿಲಲ್ಲಿ ಕಾವಲುಗಾರನಾಗಿ ನಿಂತುಬಿಡಬಹುದು. ಇದು ಬರಿಯ ಕಲ್ಪನೆಯಲ್ಲ. ಅಂಗನವಾಡಿಗಳಿಗಾಗಿ 2021ರಲ್ಲಿ ಕೇಂದ್ರ ಸರ್ಕಾರ ತಂದ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ವ್ಯವಸ್ಥೆಯಲ್ಲಿ, 2025ರ ಜುಲೈನಿಂದ ಮನೆಗೆ ಒಯ್ಯುವ ಪೌಷ್ಟಿಕ ಆಹಾರಕ್ಕೆ ಮುಖಚಹರೆಯ ಪರಿಶೀಲನೆ ಕಡ್ಡಾಯವಾಯಿತು. ಗರ್ಭಿಣಿಯಾಗಲಿ ಬಾಣಂತಿಯಾಗಲಿ, ಫೋನು ಆಕೆಯ ಮುಖವನ್ನು ಒಪ್ಪಬೇಕು. ನೆಟ್‌ವರ್ಕ್ ಸಿಗದ ಹಳ್ಳಿ, ಆಧಾರ್‌ಗೆ ಜೋಡಿಸಿದ ನಂಬರು ಗುಳೆ ಹೋದ ಗಂಡನ ಕಿಸೆಯಲ್ಲಿ. ಅಂಗನವಾಡಿ ಕಾರ್ಯಕರ್ತೆಯರ ಸಂಘಟನೆಗಳು ಇದನ್ನು ವಿರೋಧಿಸುತ್ತಿರುವುದರಲ್ಲಿ ಆಶ್ಚರ್ಯವಿಲ್ಲ. ಎದುರಿಗೆ ನಿಂತ ತಾಯಿಯ ಹೆಸರು, ಮನೆ, ಹೆರಿಗೆಯ ದಿನ ಎಲ್ಲವೂ ಗೊತ್ತಿರುವ ಕಾರ್ಯಕರ್ತೆಯ ಮಾತು ಸಾಲದು, ಕ್ಯಾಮೆರಾ ಹೌದೆನ್ನಬೇಕು! ಕಳ್ಳತನ ತಡೆಯಲು ಇದು ಬೇಕು ಎನ್ನುತ್ತಾರೆ. ಒಂದು ಪೊಟ್ಟಣ ಪೌಷ್ಟಿಕ ಹಿಟ್ಟು ಕದಿಯುವವರನ್ನು ಹಿಡಿಯಲು ಅಷ್ಟೂ ತಾಯಂದಿರನ್ನು ಅನುಮಾನಿಸುವ ನ್ಯಾಯ ನನಗೆ ಅರ್ಥವಾಗುವುದಿಲ್ಲ.

2025ರ ಜನವರಿ 28ರಂದು ವ್ಯಾಟಿಕನ್ ಪ್ರಕಟಿಸಿದ ಆಂಟಿಕ್ವಾ ಎತ್ ನೋವಾ ಎಂಬ ದಾಖಲೆ ಕೃತಕ ಬುದ್ಧಿಮತ್ತೆಯನ್ನು ತಿರಸ್ಕರಿಸುವುದಿಲ್ಲ. ಆದರೆ ರೋಗಿ ಮತ್ತು ಆರೈಕೆ ಮಾಡುವವರ ನಡುವಿನ ಸಂಬಂಧದ ಸ್ಥಾನದಲ್ಲಿ ಯಂತ್ರ ಬಂದು ಕೂರಬಾರದೆಂದೂ, ಅದು ಉಳ್ಳವರಿಗಷ್ಟೇ ಒದಗುವ ವೈದ್ಯಕೀಯವನ್ನು ಬಲಪಡಿಸುವ ಅಪಾಯವಿದೆಯೆಂದೂ ಎಚ್ಚರಿಸುತ್ತದೆ. ನಮ್ಮ ಧರ್ಮಸಭೆಯ ಆಸ್ಪತ್ರೆಗಳೂ ಇದನ್ನು ಓದಿಕೊಳ್ಳಬೇಕು. ಹೊಸ ಯಂತ್ರದ ಉದ್ಘಾಟನೆಗೆ ಧರ್ಮಾಧ್ಯಕ್ಷರನ್ನು ಕರೆಯುತ್ತೇವೆ, ಫಲಕ ಕೆತ್ತಿಸುತ್ತೇವೆ. ರೋಗಿಗಳ ಅಡುಗೆಮನೆಯ ಉದ್ಘಾಟನೆಗೆ ಹೋದ ನೆನಪು ನನಗಿಲ್ಲ.

ಊಟದಿಂದ ಏನಾಗುತ್ತದೆಂಬುದಕ್ಕೆ ನಮ್ಮ ನಾಡಿನವರೇ ಸಾಕ್ಷ್ಯ ಒದಗಿಸಿದ್ದಾರೆ. ಮಂಗಳೂರಿನ ಯೆನೆಪೊಯ ವೈದ್ಯಕೀಯ ಕಾಲೇಜಿನ ವೈದ್ಯ ದಂಪತಿ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರ ನೇತೃತ್ವದಲ್ಲಿ ಜಾರ್ಖಂಡಿನ 4 ಜಿಲ್ಲೆಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. 2,800 ಕ್ಷಯರೋಗಿಗಳು, ಅವರ ಮನೆಗಳ ಹತ್ತು ಸಾವಿರಕ್ಕೂ ಹೆಚ್ಚು ಜನ. ರೋಗಿಗಳೆಲ್ಲರಿಗೂ ಪ್ರತಿ ತಿಂಗಳು ಆಹಾರದ ಬುಟ್ಟಿ ಕೊಟ್ಟರು. ಅರ್ಧದಷ್ಟು ಕುಟುಂಬಗಳಲ್ಲಿ ಮನೆಯ ಇತರರಿಗೂ ತಲಾ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ. ಹಾಗೆ ಇತರರಿಗೂ ಕೊಟ್ಟ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲಿದ್ದು ಶೇ. 39ರಷ್ಟು ಕಡಿಮೆಯಾಯಿತು. ಮೊದಲ ಎರಡು ತಿಂಗಳಲ್ಲಿ ಶೇ. 5ರಷ್ಟು ತೂಕ ಹೆಚ್ಚಿಸಿಕೊಂಡ ರೋಗಿಗಳಲ್ಲಿ ಸಾವಿನ ಅಪಾಯ ಶೇ. 61ರಷ್ಟು ತಗ್ಗಿತ್ತು. ಅಲ್ಲಿ ಬೇಕಾಗಿದ್ದ ಯಂತ್ರವೆಂದರೆ ಒಂದು ತೂಕದ ಯಂತ್ರ. ರೊಟ್ಟಿ ಸಿಕ್ಕರೆ ತೂಕ ತಾನಾಗಿಯೇ ಬರುತ್ತದೆಂದ ಆ ಹೆಣ್ಣುಮಗಳು ಹೇಳಿದ್ದೂ ಇದನ್ನೇ, ಮೂರು ವರ್ಷ ಮೊದಲೇ.

ಸರ್ಕಾರ ಕ್ಷಯರೋಗಿಗಳಿಗೆ 2018ರಿಂದ ಕೊಡುತ್ತಿದ್ದ ತಿಂಗಳ 500 ರೂಪಾಯಿಯನ್ನು 2024ರ ನವೆಂಬರಿನಿಂದ 1,000ಕ್ಕೆ ಏರಿಸಿದೆ. ಮೊಮ್ಮಗನಿಗೂ ಪಾಲು ಕೊಡಬೇಕಾದ ಮನೆಯಲ್ಲಿ ಅದು ಎಷ್ಟು ದಿನ ಬಂದೀತು? ಆಹಾರದ ಬುಟ್ಟಿ ಕೊಡಲು ಮುಂದೆ ಬರುವ ವ್ಯಕ್ತಿಗಳು ಮತ್ತು ಸಂಸ್ಥೆಗಳಿಗಾಗಿ 2022ರ ಸೆಪ್ಟೆಂಬರಿನಲ್ಲಿ ನಿಕ್ಷಯ್ ಮಿತ್ರ ಎಂಬ ಯೋಜನೆಯೂ ಆರಂಭವಾಗಿದೆ. ನಮ್ಮ ಧರ್ಮಕೇಂದ್ರಗಳ ವಿನ್ಸೆಂಟ್ ದೆ ಪಾವ್ಲ್ ಸಭೆಯವರು, ಸ್ತ್ರೀ ಸಂಘಟನೆಯವರು, ನಾಲ್ಕೈದು ಕುಟುಂಬಗಳು ಸೇರಿಯಾದರೂ ಅದಕ್ಕೆ ಹೆಸರು ಕೊಡಬಹುದು. ತಾಲ್ಲೂಕು ಆಸ್ಪತ್ರೆಯ ಕ್ಷಯರೋಗ ವಿಭಾಗದಲ್ಲಿ ವಿಚಾರಿಸಿದರೆ ವಿವರ ಸಿಗುತ್ತದೆ. ಬುಟ್ಟಿ ಕೊಡುವಾಗ ರೋಗಿಗೆಂದು ಅಳೆದಿಟ್ಟು ಬರಬೇಡಿ. ಮನೆಯಲ್ಲಿ ಎಷ್ಟು ಜನ ಉಣ್ಣುವವರಿದ್ದಾರೆಂದು ಕೇಳಿ, ಅಷ್ಟು ಜನಕ್ಕೆ ಒಯ್ಯಿರಿ.