ಹಿಂದೆ ಸರಿದೇ ಗೆದ್ದ ದಂಡನಾಯಕ

ಕಾರ್ನ್‌ವಾಲಿಸ್ ಎಂದರೆ ನಮಗೆ ನೆನಪಾಗುವುದು 1792ರ ಶ್ರೀರಂಗಪಟ್ಟಣ, ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕೊಂಡೊಯ್ದ ಜನರಲ್. ಅದಕ್ಕೂ ಹತ್ತು ವರ್ಷ ಹಿಂದೆ, 1781ರ ಅಕ್ಟೋಬರ್ 19ರಂದು, ಇದೇ ಮನುಷ್ಯ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, ಯಾರ್ಕ್‌ಟೌನ್‌ನಲ್ಲಿ ಶರಣಾಗಿದ್ದ. ಮೈಗೆ ಹುಷಾರಿಲ್ಲವೆಂದು ಹೇಳಿ, ಕತ್ತಿ ಒಪ್ಪಿಸಲು ಕೈಕೆಳಗಿನ ಅಧಿಕಾರಿಯನ್ನು ಕಳಿಸಿದ್ದ.

ಅವನನ್ನು ಸೋಲಿಸಿದ್ದು ಯಾರು? ಜಾರ್ಜ್ ವಾಷಿಂಗ್ಟನ್ ಎನ್ನುತ್ತದೆ ಶಾಲೆಯ ಪಾಠ. ತಪ್ಪೇನಲ್ಲ. ಜೊತೆಗೆ ರೋಷಾಂಬೋನ ಫ್ರೆಂಚ್ ದಂಡು ಊರನ್ನು ಮುತ್ತಿತ್ತು, ದ ಗ್ರಾಸ್‌ನ ಹಡಗುಗಳು ಕಡಲ ದಾರಿ ಮುಚ್ಚಿದ್ದವು. ಆದರೆ ಕಾರ್ನ್‌ವಾಲಿಸ್ ಆ ಮೂಲೆಗೆ ಬಂದು ಬಿದ್ದದ್ದಾದರೂ ಹೇಗೆ ಎಂದು ಕೇಳಿದರೆ ಅಮೆರಿಕನ್ ಜನರಲ್ ನೆಥೇನಿಯಲ್ ಗ್ರೀನ್‌ನ ಹೆಸರು ಬರುತ್ತದೆ.

ಹಡಗಿನ ಲಂಗರು ಬಡಿಯುವ ಕುಲುಮೆಯ ಮನೆತನ, ಯುದ್ಧವನ್ನೇ ಒಪ್ಪದ ಕ್ವೇಕರ್ ಪಂಥ, ಜೊತೆಗೊಂದು ಕುಂಟುಗಾಲು. ಕುಂಟನನ್ನು ಅಧಿಕಾರಿಯಾಗಿಸಲು ಅವನ ಊರಿನ ಪಡೆಯವರೇ ಮುಜುಗರಪಟ್ಟಿದ್ದರು. ಸೈನ್ಯದಲ್ಲಿ ಅವನಿಗೆ ಸಿಕ್ಕ ಒಂದು ಹುದ್ದೆ ಗಾಡಿ, ಕುದುರೆ, ಸಾಮಾನು ಸರಂಜಾಮು ಹೊಂದಿಸುವುದು. ಕೀರ್ತಿ ತರುವ ಕೆಲಸವಲ್ಲ. ನನ್ನ ಮಟ್ಟಿಗೆ ಅವನ ನಿಜವಾದ ಸೈನಿಕ ವಿದ್ಯಾಭ್ಯಾಸ ನಡೆದದ್ದು ಅಲ್ಲೇ.

1780ರ ಆಗಸ್ಟ್‌ನಲ್ಲಿ ದಕ್ಷಿಣದ ಕ್ಯಾಮ್ಡೆನ್‌ನಲ್ಲಿ ಅಮೆರಿಕನ್ ಜನರಲ್ ಗೇಟ್ಸ್‌ನ ಸೈನ್ಯ ನುಚ್ಚುನೂರಾಯಿತು. ಡಿಸೆಂಬರ್‌ನಲ್ಲಿ ದಕ್ಷಿಣದ ಹೊಣೆ ಹೊತ್ತ ಗ್ರೀನ್, ಕಾಳಗಕ್ಕೆ ಮೊದಲು ನದಿಗಳನ್ನು ಅಳೆಸಿದ. ದೋಣಿ ಎಲ್ಲೆಲ್ಲಿವೆ ಎಂದು ವಿಚಾರಿಸಿದ. ಇದ್ದ ಸಣ್ಣ ದಂಡನ್ನೂ ಎರಡು ಪಾಲು ಮಾಡಿದ. ಒಂದು ಪಾಲಿನ ನಾಯಕ ಡೇನಿಯಲ್ ಮಾರ್ಗನ್, 1781ರ ಜನವರಿಯಲ್ಲಿ ಕೌಪೆನ್ಸ್‌ನಲ್ಲಿ ಊರ ಜನರ ಪಡೆಯನ್ನು ಮುಂದೆ ನಿಲ್ಲಿಸಿ, ಎರಡು ಸುತ್ತು ಗುಂಡು ಹಾರಿಸಿ ಹಿಂದೆ ಸರಿಯಿರಿ ಎಂದ. ಓಡಿಹೋದರೆಂದು ಭಾವಿಸಿ ಮುನ್ನುಗ್ಗಿದ, ಕಾರ್ನ್‌ವಾಲಿಸ್‌ನ ಅಧಿಕಾರಿ ಟಾರ್ಲ್‌ಟನ್‌ನ ಬ್ರಿಟಿಷರು ಹಿಂದಿದ್ದ ಪಳಗಿದ ಸಿಪಾಯಿಗಳ ಬಾಯಿಗೆ ಬಿದ್ದರು.

ಸಿಟ್ಟಿಗೆದ್ದ ಕಾರ್ನ್‌ವಾಲಿಸ್ ಬೇಗ ಬೆನ್ನಟ್ಟಲೆಂದು ತನ್ನ ಬಹುಪಾಲು ಗಾಡಿಗಳನ್ನೂ ಗುಡಾರಗಳನ್ನೂ ಸುಟ್ಟ. ರಮ್ಮಿನ ಪೀಪಾಯಿಗಳನ್ನೂ ಬಿಡಲಿಲ್ಲ! ಚಳಿಗಾಲದ ಕೆಸರಿನಲ್ಲಿ ಡ್ಯಾನ್ ನದಿ ಮುಟ್ಟುವಷ್ಟರಲ್ಲಿ ಗ್ರೀನ್ ಆಚೆ ದಡದಲ್ಲಿದ್ದ, ದೋಣಿಗಳೂ ಅಲ್ಲೇ ಇದ್ದವು.

ಗ್ರೀನ್ ನದಿ ದಾಟಿ ಮರಳಿದ ಮೇಲೆ, ಮಾರ್ಚ್ 15ರಂದು ಗಿಲ್‌ಫರ್ಡ್ ಕೋರ್ಟ್‌ಹೌಸ್‌ನಲ್ಲಿ ಇಬ್ಬರೂ ಎದುರಾದರು. ಹಿಂದೆ ಸರಿದವನು ಗ್ರೀನ್, ಕಣ ಉಳಿದದ್ದು ಕಾರ್ನ್‌ವಾಲಿಸ್‌ಗೆ. ಆದರೆ ಅವನ ಸುಮಾರು 1,900 ಮಂದಿಯಲ್ಲಿ ಕಾಲುಭಾಗಕ್ಕೂ ಹೆಚ್ಚು ಜನ ಸತ್ತೋ ಗಾಯಗೊಂಡೋ ಬಿದ್ದಿದ್ದರು. ಗ್ರೀನ್ ಊರಿನಲ್ಲಿ ಹೊಸ ಆಳು ಕೂಡಿಸಬಹುದಿತ್ತು. ಬ್ರಿಟಿಷ್ ಸಿಪಾಯಿ ಸಾಗರ ದಾಟಿ ಬರಬೇಕು. ವಸಾಹತು ಯುದ್ಧಗಳ ಲೆಕ್ಕ ಹೀಗೇ ಇರುತ್ತದೆ. ಹಸಿದ ದಂಡಿನೊಂದಿಗೆ ಕಾರ್ನ್‌ವಾಲಿಸ್ ಕರಾವಳಿಗೆ ಇಳಿದು, ಅಲ್ಲಿಂದ ವರ್ಜೀನಿಯಾಕ್ಕೆ, ಕೊನೆಗೆ ಯಾರ್ಕ್‌ಟೌನ್‌ಗೆ ಹೋದ. ಗ್ರೀನ್ ಅಲ್ಲಿಯವರೆಗೆ ಬೆನ್ನು ಹತ್ತದೆ ದಕ್ಷಿಣಕ್ಕೇ ತಿರುಗಿದ. ಅಲ್ಲೂ ಹಾಬ್‌ಕರ್ಕ್ಸ್ ಹಿಲ್‌ನಲ್ಲಿ ಸೋತ, ನೈಂಟಿ ಸಿಕ್ಸ್ ಕೋಟೆಯ ಮುತ್ತಿಗೆ ಕೈಬಿಟ್ಟ. ಆದರೂ ಒಳನಾಡಿನ ಬ್ರಿಟಿಷ್ ಠಾಣ್ಯಗಳು ಒಂದೊಂದಾಗಿ ಖಾಲಿಯಾದವು.

ಕಾಳಗ ಗೆದ್ದರೂ ಸಾಮಾನು ಸರಂಜಾಮಿಲ್ಲದೆ ಯುದ್ಧ ಗೆಲ್ಲಲಾಗದೆಂಬ ಈ ಪಾಠ ಕಾರ್ನ್‌ವಾಲಿಸ್‌ಗೆ ಒಮ್ಮೆಗೇ ಹತ್ತಲಿಲ್ಲ. 1791ರ ಮೇನಲ್ಲಿ ಟಿಪ್ಪುವಿನ ವಿರುದ್ಧ ಅರಕೆರೆಯ ಕಾಳಗ ಗೆದ್ದು ಶ್ರೀರಂಗಪಟ್ಟಣದ ಹತ್ತಿರಕ್ಕೆ ಬಂದರೂ ಮೇವಿಲ್ಲದೆ ಎತ್ತುಗಳು ಸತ್ತವು. ಎಳೆಯಲಾಗದ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಬೆಂಗಳೂರಿಗೆ ಮರಳಿದ. ಮುಂದಿನ ಫೆಬ್ರವರಿಯಲ್ಲಿ ಮತ್ತೆ ಬಂದಾಗ ಅವನ ದಂಡಿಗೆ ಲಂಬಾಣಿಗಳ ಎತ್ತಿನ ಹೇರುಗಳಲ್ಲಿ ದವಸ ಬರುತ್ತಿತ್ತು.