ಹಳೆಯ ಕವಚ ಕಸವಲ್ಲ

ಆನ್‌ಲೈನ್ ರೋಲ್ ಪ್ಲೇಯಿಂಗ್ ಆಟವೊಂದನ್ನು ಎರಡು ಮೂರು ವರ್ಷ ಬಿಟ್ಟು ಮತ್ತೆ ಶುರು ಮಾಡುವವರು ಯಾರನ್ನು ಕೇಳಿದರೂ ಸಿಗುವ ಸಲಹೆ ಒಂದೇ. 'ನಿನ್ನ ಹತ್ತಿರ ಇರುವ ಗೇರ್ ಎಲ್ಲ ಈಗ ಕಸ. ಮಾರಿಬಿಡು. ಬೆಸ್ಟ್ ಇನ್ ಸ್ಲಾಟ್ ಪಟ್ಟಿ ನೋಡಿಕೊಂಡು ಹೊಸದಾಗಿ ಕೂಡಿಸು.' ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಬಹಳಷ್ಟು ಆಟಗಳಲ್ಲಿ ಲೆಕ್ಕದ ಪ್ರಕಾರ ಅದು ಸರಿಯೂ ಹೌದು. ನನ್ನ ತಕರಾರು ಇರುವುದು ಆ ಮಾತನ್ನು ನಾವು ಎಷ್ಟು ಸಲೀಸಾಗಿ ಹೇಳುತ್ತೇವೆ ಎಂಬುದರ ಬಗ್ಗೆ. ಒಬ್ಬ ಮನುಷ್ಯ ನೂರಾರು ಗಂಟೆ ಕೂತು ಸಂಪಾದಿಸಿದ್ದು ಅವನು ಇಲ್ಲದಾಗ ತಾನೇ ಕಸವಾಗಿಬಿಡುವುದನ್ನು ಮಳೆ ಬಿಸಿಲಿನಂತೆ ಪ್ರಕೃತಿಯ ನಿಯಮ ಎಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಅದು ಯಾರೋ ಕೂತು ಮಾಡಿದ ತೀರ್ಮಾನ. ಬೇರೆ ತೀರ್ಮಾನ ಮಾಡಿದವರೂ ಇದ್ದಾರೆ.

ಈ ಆಟಗಳನ್ನು ಆಡದವರಿಗೆ ಎರಡು ಮಾತು. ಇಲ್ಲಿ ನಿಮಗೊಂದು ಪಾತ್ರವಿರುತ್ತದೆ: ಬಿಲ್ಲುಗಾರ, ಮಾಂತ್ರಿಕ, ಯೋಧ. ಆ ಪಾತ್ರ ತೊಡುವ ಕತ್ತಿ, ಕವಚ, ಉಂಗುರ, ಬೂಟುಗಳಿಗೆ ಒಟ್ಟಾಗಿ ಗೇರ್ ಎನ್ನುತ್ತಾರೆ. ಪಾತ್ರದ ಬಲದ ದೊಡ್ಡ ಪಾಲು ಬರುವುದು ಅದರಿಂದ. 2004ರ ನವೆಂಬರ್‌ನಲ್ಲಿ ಬಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟದಲ್ಲಿ ಗೇರ್‌ಗೆ ಬಣ್ಣಗಳ ಶ್ರೇಣಿ ಇದೆ: ಬೂದು, ಬಿಳಿ, ಹಸಿರು, ನೀಲಿ, ನೇರಳೆ, ಕಿತ್ತಳೆ. ಬೂದು ಅಂಗಡಿಗೆ ಮಾರುವಂಥದ್ದು. ನೇರಳೆ ಸಿಗಬೇಕಾದರೆ ಆ ಕಾಲದಲ್ಲಿ 40 ಜನ ಒಟ್ಟಿಗೆ ಸೇರಿ 'ಮೋಲ್ಟನ್ ಕೋರ್'ನಂಥ ಜಾಗಕ್ಕೆ ನುಗ್ಗಬೇಕಿತ್ತು. ರಾತ್ರಿಗಟ್ಟಲೆ ಆಡಿದರೂ ಬೀಳುವುದು ನಾಲ್ಕಾರು ವಸ್ತು. ಅದು ಯಾರಿಗೆ ಹೋಗಬೇಕು ಎಂಬುದಕ್ಕೆ ಗಿಲ್ಡ್‌ಗಳಲ್ಲಿ ಜಗಳಗಳು, ಪಂಚಾಯಿತಿಗಳು, ಅಂಕಗಳ ಲೆಕ್ಕದ ಪುಸ್ತಕಗಳು ಇರುತ್ತಿದ್ದವು.

2007ರ ಜನವರಿಯಲ್ಲಿ ಆ ಆಟದ ಮೊದಲ ಎಕ್ಸ್‌ಪಾನ್ಷನ್ 'ದ ಬರ್ನಿಂಗ್ ಕ್ರುಸೇಡ್' ಬಂತು. ಹೊಸ ಭೂಪ್ರದೇಶದ ಬಾಗಿಲಲ್ಲೇ, ಹಂದಿ ಹೊಡೆಯುವಂಥ ಸಣ್ಣ ಪುಟ್ಟ ಕೆಲಸಗಳಿಗೆ ಸಿಗುತ್ತಿದ್ದ ಹಸಿರು ಗೇರ್, ತಿಂಗಳುಗಟ್ಟಲೆ ಹೋರಾಡಿ ಪಡೆದ ಎಷ್ಟೋ ನೇರಳೆ ಗೇರ್‌ಗಳನ್ನು ಮೀರಿಸಿತು. ಅಂದಿನಿಂದ ಅದೇ ಪದ್ಧತಿ. ಹೊಸ ಎಕ್ಸ್‌ಪಾನ್ಷನ್ ಬಂದಾಗ ಹಳೆಯ ರಾಜನ ಕಿರೀಟಕ್ಕಿಂತ ಹೊಸ ಊರಿನ ಗೋಣಿಚೀಲ ಗಟ್ಟಿ. ಈಗ ಅಷ್ಟು ಕಾಯುವುದೂ ಬೇಕಿಲ್ಲ. ಒಂದೇ ಎಕ್ಸ್‌ಪಾನ್ಷನ್ ಒಳಗೆ ಸೀಸನ್‌ಗಳಿವೆ, ಪ್ರತಿ ಸೀಸನ್ನಿಗೂ ಏಣಿ ಮೇಲಕ್ಕೆ ಸರಿಯುತ್ತದೆ. ನಮ್ಮ ಬೀದಿಗಳಲ್ಲಿ ಹಳೆ ಸೀರೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರ ಇತ್ತಲ್ಲ, ಅಲ್ಲಿ ಹಳೆಯದಕ್ಕೆ ಒಂದು ತಟ್ಟೆಯಾದರೂ ಬರುತ್ತಿತ್ತು. ಇಲ್ಲಿ ಅದೂ ಇಲ್ಲ.

ಈ ಏಣಿಗೆ ಮೆಟ್ಟಿಲಾಗಿರುವುದು ಐಟಂ ಲೆವೆಲ್ ಎಂಬ ಸಂಖ್ಯೆ. ಅದು ಎಷ್ಟು ಪೊಳ್ಳು ಎನ್ನುವುದಕ್ಕೆ ಆಟ ತಯಾರಿಸಿದವರೇ ಸಾಕ್ಷಿ. ಸಂಖ್ಯೆ ಬೆಳೆದು ಬೆಳೆದು ಓದಲಾಗದಷ್ಟು ದೊಡ್ಡದಾದಾಗ 2014ರಲ್ಲಿ ಎಲ್ಲವನ್ನೂ ಒಮ್ಮೆಲೇ ಕುಗ್ಗಿಸಿದರು. ಮತ್ತೆ ಬೆಳೆಯಿತು, 2018ರಲ್ಲಿ ಮತ್ತೆ ಕುಗ್ಗಿಸಿದರು. 2020ರಲ್ಲಿ ಪಾತ್ರದ ಲೆವೆಲ್ಲನ್ನೇ 120ರಿಂದ 50ಕ್ಕೆ ಇಳಿಸಿದರು. ಏರಿಸುವುದೂ ಅವರೇ, ಇಳಿಸುವುದೂ ಅವರೇ. ನಡುವೆ ಓಡುತ್ತಿದ್ದವರು ಮಾತ್ರ ನಾವು. ಹಾಗೆ ಓಡಿ ತಲುಪಿದ್ದೆಲ್ಲಿಗೆ ಎಂದು ಕೇಳಿದರೆ, ಟ್ರೆಡ್‌ಮಿಲ್ ಮೇಲಿದ್ದವನು ಏನು ಉತ್ತರ ಕೊಡುತ್ತಾನೋ ಅದೇ ಉತ್ತರ.

ಸಂಖ್ಯೆ ಒಮ್ಮೆ ಕೈಗೆ ಬಂದರೆ ಅದು ಮನುಷ್ಯರನ್ನು ಅಳೆಯಲು ಬಳಕೆಯಾಗುತ್ತದೆ. 2008ರಿಂದ 2010ರವರೆಗಿನ 'ರಾತ್ ಆಫ್ ದ ಲಿಚ್ ಕಿಂಗ್' ಕಾಲದಲ್ಲಿ 'ಗೇರ್‌ಸ್ಕೋರ್' ಎಂಬ ಆಡ್‌ಆನ್ ಹಬ್ಬಿತು. ಎದುರಿಗಿರುವವರ ಗೇರ್ ಎಲ್ಲ ಕೂಡಿಸಿ ಒಂದು ಅಂಕ ತೋರಿಸುವುದು ಅದರ ಕೆಲಸ. ಗುಂಪು ಕಟ್ಟುವವರು 'ಇಷ್ಟು ಅಂಕ ಇದ್ದರೆ ಮಾತ್ರ ಬಾ' ಎನ್ನಲು ಶುರು ಮಾಡಿದರು. ಆ ಜಾಗದ ಪ್ರತಿ ಮೂಲೆ ಗೊತ್ತಿರುವ ಹಳೆಯ ಆಟಗಾರ ಹೊರಗೆ, ಬೆಂಕಿಯಲ್ಲಿ ನಿಂತು ಸಾಯುವವನು ಒಳಗೆ. ಮುಂದೆ ಸರಾಸರಿ ಐಟಂ ಲೆವೆಲ್ ಎಂಬುದು ಆಟದ ಕಿಟಕಿಯಲ್ಲೇ ಅಧಿಕೃತವಾಗಿ ಕಾಣಿಸಿಕೊಂಡಿತು.

ಸಂಶೋಧನಾ ವಿದ್ಯಾರ್ಥಿಯಾದ ನನಗೆ ಇದು ಅಪರಿಚಿತವಲ್ಲ. ಯುಜಿಸಿ 2010ರ ನಿಯಮಾವಳಿಯಲ್ಲಿ ಅಧ್ಯಾಪಕರನ್ನು ಅಳೆಯಲು ಎಪಿಐ ಅಂಕಗಳನ್ನು ತಂದಿತು. ಆಮೇಲೆ ನಮ್ಮ ವಿಭಾಗಗಳಲ್ಲಿ ಏನೇನಾಯಿತು ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಪ್ರಬಂಧದಲ್ಲಿ ಏನಿದೆ ಎಂದು ಓದುವುದಕ್ಕೆ ಸಮಯ ಬೇಕು, ಎಷ್ಟಿವೆ ಎಂದು ಎಣಿಸುವುದಕ್ಕೆ ಬೇಡ. ಮಗು ಹೆತ್ತು ಎರಡು ವರ್ಷ ಬಿಟ್ಟು ಬಂದ ಸಂಶೋಧಕಿಗೂ, ಪರೀಕ್ಷೆ ಮುಗಿಸಿ ಎರಡು ವರ್ಷ ಬಿಟ್ಟು ಬಂದ ಆಟಗಾರನಿಗೂ ಬಾಗಿಲಲ್ಲಿ ಕೇಳುವ ಪ್ರಶ್ನೆ ಒಂದೇ: 'ಸ್ಕೋರ್ ಎಷ್ಟು?'

ಬೇರೆ ತೀರ್ಮಾನ ಮಾಡಿದವರೂ ಇದ್ದಾರೆ ಎಂದೆನಲ್ಲ, ಅದಕ್ಕೆ ಬರುತ್ತೇನೆ. 'ಗಿಲ್ಡ್ ವಾರ್ಸ್ 2' ಬಂದದ್ದು 2012ರ ಆಗಸ್ಟ್‌ನಲ್ಲಿ. ಅಂದು ಅಲ್ಲಿ ಗರಿಷ್ಠ ಲೆವೆಲ್ 80. 2015, 2017, 2022, 2023, 2024ರಲ್ಲಿ ಒಂದರ ಹಿಂದೊಂದು ಎಕ್ಸ್‌ಪಾನ್ಷನ್ ಬಂದಾಗಲೂ ಅದು 80 ಆಗಿಯೇ ಉಳಿಯಿತು. 2012ರ ನವೆಂಬರ್‌ನಲ್ಲಿ ಅವರೂ 'ಅಸೆಂಡೆಡ್' ಎಂಬ ಹೊಸ ಮೆಟ್ಟಿಲೊಂದನ್ನು ಇಟ್ಟರು. ಆಟಗಾರರು ಸಿಟ್ಟಿಗೆದ್ದರು, ಇದೂ ಟ್ರೆಡ್‌ಮಿಲ್ ಆಗಲಿದೆ ಎಂದು ಗಲಾಟೆ ಮಾಡಿದರು. 2013ರಲ್ಲಿ ಆ ಮಟ್ಟದ ಆಯುಧ, ಕವಚಗಳೂ ಬಂದವು. ಅದರ ಮೇಲೆ ಮತ್ತೊಂದು ಮೆಟ್ಟಿಲು ಬರಲಿಲ್ಲ. ಅದಕ್ಕಿಂತ ಮೇಲೆ ಹೆಸರಿಗೆ 'ಲೆಜೆಂಡರಿ' ಇದೆ, ಆದರೆ ಅದರ ಬಲ ಅಸೆಂಡೆಡ್‌ನಷ್ಟೇ. ಗುಣಗಳನ್ನು ಬೇಕಾದ ಹಾಗೆ ಬದಲಿಸಿಕೊಳ್ಳಬಹುದು ಎಂಬುದಷ್ಟೇ ಹೆಚ್ಚುಗಾರಿಕೆ. ಕೆಳಗಿನ 'ಎಕ್ಸಾಟಿಕ್' ಗೇರ್‌ಗೂ ಅಸೆಂಡೆಡ್‌ಗೂ ಇರುವ ವ್ಯತ್ಯಾಸ ಸುಮಾರು ಶೇಕಡಾ 5.

ಎಂ.ಎ. ಓದುವಾಗ ನಾನು ಅಲ್ಲಿ ಬಿಲ್ಲುಗಾರನಾಗಿದ್ದೆ. ಪಿಎಚ್.ಡಿ. ಪ್ರವೇಶ, ಕೋರ್ಸ್‌ವರ್ಕ್, ಕ್ಷೇತ್ರಕಾರ್ಯ ಎಂದು ಎರಡೂವರೆ ವರ್ಷ ಆ ಕಡೆ ತಲೆ ಹಾಕಲಿಲ್ಲ. ಮರಳಿದಾಗ ನನ್ನ ಎಕ್ಸಾಟಿಕ್ ಕವಚ ಬಿಟ್ಟ ಜಾಗದಲ್ಲಿ, ಬಿಟ್ಟ ಬಲದಲ್ಲೇ ಇತ್ತು. ಬದಲಾಗಿದ್ದು ಕೌಶಲಗಳು: ಯಾವ ಬಾಣ ಏನು ಮಾಡುತ್ತದೆ, ಯಾವ ಗುಣ ಯಾವುದರ ಜೊತೆ ಕೂಡುತ್ತದೆ ಎಂಬುದು. ಹಾಗಾಗಿ ಮೊದಲ ವಾರ ಹೊಸ ಗೇರ್ ಹುಡುಕುವ ಬದಲು ನನ್ನದೇ ಬಿಲ್ಲನ್ನು ಮತ್ತೆ ಕಲಿತೆ. ಮರಳಿ ಬಂದವನು ಮಾಡಬೇಕಾದ ಕೆಲಸ ಅದೇ ಎಂಬುದು ನನ್ನ ವಾದ. ಆಟ ಅದಕ್ಕೆ ಅವಕಾಶ ಕೊಡಬೇಕು.

ಎರಡನೇ ವಾರ ಗೇರ್ ಬಗ್ಗೆ ಯೋಚಿಸಿದೆ. ಪಟ್ಟಿಗಳು 'ಬರ್ಸರ್ಕರ್' ಎನ್ನುತ್ತವೆ: ಹೊಡೆತದ ಬಲ, ನಿಖರತೆ, ಭೀಕರತೆ ಮೂರೂ ಏರಿಸುವ ಸಂಯೋಜನೆ. ಹೊಡೆತಕ್ಕೆ ಅದೇ ಮೇಲು, ಸಂಶಯವಿಲ್ಲ. ಆದರೆ ಆ ಆಟದ ಸರ್ವರ್‌ಗಳು ಇರುವುದು ಉತ್ತರ ಅಮೆರಿಕದಲ್ಲಿ, ಯುರೋಪಿನಲ್ಲಿ. ಹಾಸ್ಟೆಲ್ ವೈಫೈನಿಂದ ಆಡುವ ನಾನು ರಾಕ್ಷಸನ ಕೊಡಲಿ ಬೀಳುವುದನ್ನು ನೋಡಿ ಪಕ್ಕಕ್ಕೆ ಉರುಳುವ ಹೊತ್ತಿಗೆ, ಅಲ್ಲಿ ಅದು ಆಗಲೇ ಬಿದ್ದಾಗಿರುತ್ತದೆ. ಹಾಗಾಗಿ ಎದೆ, ಕಾಲು, ಭುಜದ ಭಾಗಗಳಿಗೆ 'ಮಾರಾಡರ್' ಆರಿಸಿಕೊಂಡೆ. ಹೊಡೆತ ಸ್ವಲ್ಪ ಕಡಿಮೆ, ಪ್ರಾಣ ಸ್ವಲ್ಪ ಜಾಸ್ತಿ. ಸತ್ತು ಬಿದ್ದವನ ಬಿಲ್ಲಿನ ಹೊಡೆತ ಸೊನ್ನೆ. ಪಟ್ಟಿ ಮಾಡಿದವರಿಗೆ ನನ್ನ ವೈಫೈ ಗೊತ್ತಿಲ್ಲ, ದಿನಕ್ಕೆ ನನಗೆ ಸಿಗುವ ಮುಕ್ಕಾಲು ಗಂಟೆಯೂ ಗೊತ್ತಿಲ್ಲ. 'ಬೆಸ್ಟ್' ಎಂಬ ಮಾತಿನ ಹಿಂದೆ ಯಾವಾಗಲೂ ಒಬ್ಬ ಕಲ್ಪಿತ ಆಟಗಾರ ಇರುತ್ತಾನೆ. ಅವನ ಇಂಟರ್ನೆಟ್ ಚುರುಕು, ಬೆರಳು ಚುರುಕು, ಅವನ ಗೆಳೆಯರು ಸದಾ ಆನ್‌ಲೈನ್, ಅವನಿಗೆ ಮರುದಿನ ಬೆಳಿಗ್ಗೆ ಗೈಡ್ ಮುಂದೆ ಕೂರುವ ಕೆಲಸವಿಲ್ಲ. ಅವನು ನಾನಲ್ಲ. ಬಹುಶಃ ನೀವೂ ಅಲ್ಲ.

ಟ್ರೆಡ್‌ಮಿಲ್ ಪರ ಇರುವವರ ಗಟ್ಟಿಯಾದ ವಾದವೊಂದನ್ನು ಎದುರಿಸಲೇಬೇಕು. ಹಳೆಯದೆಲ್ಲ ಕಸವಾಗುವುದೇ ಮರಳಿ ಬಂದವರಿಗೆ ಉಪಕಾರ ಎನ್ನುತ್ತಾರೆ ಅವರು. ಐದು ವರ್ಷ ಬಿಡದೆ ಆಡಿದವನೂ, ನಿನ್ನೆ ಬಂದವನೂ ಹೊಸ ಎಕ್ಸ್‌ಪಾನ್ಷನ್‌ನ ಮೊದಲ ದಿನ ಒಂದೇ ಗೆರೆಯಲ್ಲಿ ನಿಲ್ಲುತ್ತಾರೆ. ಇಲ್ಲವಾದರೆ ಹಳಬರನ್ನು ಹಿಡಿಯಲು ಯಾರಿಗೂ ಸಾಧ್ಯವಿಲ್ಲ.

ಇದರಲ್ಲಿ ಅರ್ಧ ಸತ್ಯವಿದೆ. ಮೊದಲ ದಿನ ಗೆರೆ ಒಂದೇ. ಮೂರನೇ ತಿಂಗಳಿಗೆ? ಕೆಲಸ, ಮನೆ, ಕಾಯಿಲೆ ಎಂದು ಹಿಂದೆ ಬಿದ್ದವನು ಮತ್ತೆ ಹಿಂದೆಯೇ. ಮುಂದಿನ ಸೀಸನ್‌ಗೆ ಮತ್ತೆ ಗೆರೆ, ಮತ್ತೆ ಓಟ. ಎಲ್ಲರ ಮನೆ ಸುಟ್ಟು ಎಲ್ಲರೂ ಸಮಾನರಾದರು ಎಂದು ಹೇಳುವುದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ಸಮಾನತೆ ಬೇಕಿದ್ದರೆ ಏಣಿ ಗಿಡ್ಡದಿರಬೇಕು, ಅದಕ್ಕೊಂದು ಕೊನೆ ಇರಬೇಕು. ಶೇಕಡಾ 5ರ ವ್ಯತ್ಯಾಸವಿರುವ ಕಡೆ ಹೊಸಬ ಹಳಬನನ್ನು ಹಿಡಿಯುತ್ತಾನೆ, ಹಳಬನ ಗಂಟು ಕರಗುವುದೂ ಇಲ್ಲ. ಇದು ಲೆಕ್ಕದಿಂದಲೂ ಸಾಧ್ಯ, ವ್ಯಾಪಾರದಿಂದಲೂ ಸಾಧ್ಯ ಎನ್ನುವುದಕ್ಕೆ ಆ ಆಟ ಇಷ್ಟು ವರ್ಷ ನಡೆದಿರುವುದೇ ಪುರಾವೆ. ಅದೇನು ಧರ್ಮಛತ್ರವಲ್ಲ. ಬಣ್ಣ, ಬಟ್ಟೆ, ರೆಕ್ಕೆ ಮಾರುತ್ತದೆ, ಎಕ್ಸ್‌ಪಾನ್ಷನ್‌ಗಳನ್ನು ಮಾರುತ್ತದೆ. ಆದರೆ ತಿಂಗಳ ಚಂದಾ ಕೇಳುವುದಿಲ್ಲ. ಚಂದಾ ಮೇಲೆ ನಡೆಯುವ ಆಟಕ್ಕೆ ಈ ತಿಂಗಳೂ ನೀವು ಬರಲು ಒಂದು ಕಾರಣ ಬೇಕು. ನಿಮ್ಮ ಗೇರ್ ಹಳಸುವುದು ಆ ಕಾರಣಗಳಲ್ಲಿ ಅತ್ಯಂತ ಅಗ್ಗದ್ದು.

ಹಳಸುವಿಕೆಯನ್ನು ಸೃಷ್ಟಿಸಿದವರು ಅದಕ್ಕೆ ಮದ್ದನ್ನೂ ಮಾರುತ್ತಾರೆ. 2014ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಒಂದು ಪಾತ್ರವನ್ನು ನೇರ ಲೆವೆಲ್ 90ಕ್ಕೆ, ತಕ್ಕ ಗೇರ್ ಸಮೇತ ಏರಿಸುವ ಸೇವೆಯನ್ನು 60 ಡಾಲರಿಗೆ ಮಾರತೊಡಗಿತು. ಆಡುವುದರಿಂದ ತಪ್ಪಿಸಿಕೊಳ್ಳಲು ಹಣ ಕೊಡಬೇಕಾದ ಆಟ ಎಂಥ ಆಟ? ಅದೇ ಆಟ 2011ರಲ್ಲಿ ಟ್ರಾನ್ಸ್‌ಮಾಗ್ ತಂದಿತ್ತು. ಹೊಸ ಗೇರ್‌ನ ಬಲ ಇಟ್ಟುಕೊಂಡು, ಮೇಲೆ ಹಳೆಯ ಗೇರ್‌ನ ರೂಪ ತೊಡುವ ವ್ಯವಸ್ಥೆ. ಜನ ಕುಣಿದಾಡಿದರು. ಯಾಕೆಂದರೆ ಆ ಕವಚದಲ್ಲಿ ಯಾವುದೋ ರಾತ್ರಿ ಇತ್ತು, ಈಗ ಸಂಪರ್ಕವಿಲ್ಲದ ಗೆಳೆಯರಿದ್ದರು. ಹಳೆಯ ಗೇರ್ ಕಸವಲ್ಲ ಎಂದು ಆಟವೇ ಒಪ್ಪಿಕೊಂಡಂತಾಯಿತು. ಬಲವನ್ನು ಹೀರಿಕೊಂಡು ಬಟ್ಟೆಯನ್ನು ವಾಪಸ್ ಕೊಟ್ಟಿತು, ಅಷ್ಟೇ.

ಇಷ್ಟೆಲ್ಲ ಆದಮೇಲೂ ಟ್ರೆಡ್‌ಮಿಲ್ ಇರುವ ಆಟಕ್ಕೇ ಮರಳಬೇಕೆನ್ನುವವರು ಇರುತ್ತಾರೆ. ಗೆಳೆಯರು ಅಲ್ಲಿರುತ್ತಾರೆ, ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಅವರಿಗೆ ನಾನು ಹೇಳುವುದು ಇಷ್ಟು. ಏನನ್ನೂ ಮಾರಬೇಡಿ, ಹಳೆಯದನ್ನು ಬ್ಯಾಂಕಿನಲ್ಲಿಡಿ. ಹೊಸ ಪ್ರದೇಶದ ಕಥೆ ಆಡುತ್ತ ಹೋಗಿ. ದಾರಿಯಲ್ಲಿ ಸಿಗುವ ಗೇರ್ ದಾರಿಗೆ ಸಾಕು, ಅದರ ಮೇಲೆ ಚಿನ್ನ ಸುರಿಯಬೇಡಿ, ನಾಡಿದ್ದು ಅದೂ ಹೋಗುತ್ತದೆ. ಏನಾದರೂ ಖರ್ಚು ಮಾಡುವುದೇ ಆದರೆ ಮೊದಲು ಆಯುಧಕ್ಕೆ ಮಾಡಿ. ಹೊಡೆತದಲ್ಲಿ ಅತಿ ಹೆಚ್ಚು ವ್ಯತ್ಯಾಸ ತರುವುದು ಅದೊಂದೇ ಜಾಗ. ಪಟ್ಟಿ ತೆರೆಯುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ವಾರಕ್ಕೆ ನನಗೆಷ್ಟು ಗಂಟೆ ಇದೆ, ಒಬ್ಬನೇ ಆಡುತ್ತೇನೋ ಗುಂಪಿನಲ್ಲೋ, ಯಾವ ಬಾಗಿಲು ನಿಜಕ್ಕೂ ತೆರೆಯಬೇಕು? ಆ ಬಾಗಿಲು ಕೇಳುವಷ್ಟು ಗೇರ್ ಸಾಕು. ಅದರಾಚೆಗಿನ ಪ್ರತಿ ಅಂಕ ಬೇರೆಯವರ ಓಟ. ಗಿಲ್ಡ್ ನಡೆಸುವವರಿಗೂ ಒಂದು ಮಾತು: ಮರಳಿ ಬಂದವರ ಸ್ಕೋರ್ ಕೇಳುವ ಮೊದಲು, ಒಂದು ಸಲ ಜೊತೆಗೆ ಕರೆದುಕೊಂಡು ಹೋಗಿ ನೋಡಿ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಸಿಟ್ಟೇಕೆ ಎಂದು ಕೇಳಬಹುದು. ಆಟವೆಂದರೆ ಬಿಟ್ಟು ಹೋಗಬಹುದಾದದ್ದು. ಊರಲ್ಲಿ ಚೌಕಾಬಾರ ಆಡುತ್ತಿದ್ದವರು ಹಾಲು ಕರೆಯುವ ಹೊತ್ತಿಗೆ ಎದ್ದು ಹೋಗುತ್ತಿದ್ದರು, ಕಾಯಿಗಳು ಇದ್ದ ಮನೆಯಲ್ಲೇ ಇರುತ್ತಿದ್ದವು. ಎದ್ದು ಹೋದದ್ದಕ್ಕೆ ದಂಡ ಹಾಕುವುದು ನೌಕರಿ, ಅದೂ ರಜೆ ಕೊಡದ ನೌಕರಿ. ನನ್ನ ತಲೆಮಾರಿಗೆ ಅಂಥ ನೌಕರಿಗಳು ಹಗಲಿನಲ್ಲಿ ಬೇಕಾದಷ್ಟಿವೆ. ರಾತ್ರಿಯ ಮುಕ್ಕಾಲು ಗಂಟೆಗೂ ಅಂಥದ್ದೇ ಇನ್ನೊಂದನ್ನು ದುಡ್ಡು ಕೊಟ್ಟು ತರಬೇಕಾಗಿಲ್ಲ. ಮುಂದಿನ ಸಲ ಯಾರಾದರೂ ಮರಳಿ ಬಂದು ಯಾವ ಗೇರ್ ತೊಡಲಿ ಎಂದು ಕೇಳಿದರೆ, 'ಇರುವುದನ್ನೇ ತೊಟ್ಟು ಬಾ' ಎಂದು ಹೇಳುವಂತಿರಬೇಕು. ಹಾಗೆ ಹೇಳಲಾಗದಿದ್ದರೆ ತಪ್ಪು ಬಂದವರದ್ದಲ್ಲ, ಆಟದ್ದು.