ಪಕ್ಕದವರಿಗೂ ಕಾಣಲಿ ನಮ್ಮ ಇಂಡಿಕೇಟರ್

ಕಾರು ಕೊಳ್ಳೋಕೆ ಹೋದವರಿಗೆಲ್ಲ ಗೊತ್ತಿರುವ ಕಾಗದ ಒಂದಿದೆ: ವೇರಿಯಂಟ್ ಪಟ್ಟಿ. ಎಡಗಡೆ ಸೌಲಭ್ಯಗಳ ಹೆಸರು, ಮೇಲುಗಡೆ ವೇರಿಯಂಟ್‌ಗಳ ಹೆಸರು, ಮಧ್ಯದ ಚೌಕಗಳಲ್ಲಿ ಟಿಕ್ ಮಾರ್ಕು ಅಥವಾ ಅಡ್ಡಗೆರೆ. ಸನ್‌ರೂಫ್, ಟಚ್ ಸ್ಕ್ರೀನ್, ಅಲಾಯ್ ವ್ಹೀಲ್ ಅಂತ ಬರೆದ ಕಡೆ ನಮ್ಮ ಬೆರಳು ನಿಲ್ಲುತ್ತೆ. ಅದೇ ಪಟ್ಟಿಯಲ್ಲಿ ಎಲ್ಲೋ ಕೆಳಗೆ ‘ಓಆರ್‌ವಿಎಂ ಮೇಲೆ ಟರ್ನ್ ಇಂಡಿಕೇಟರ್’ ಅನ್ನೋ ಸಾಲೂ ಇರುತ್ತೆ. ಓಆರ್‌ವಿಎಂ ಅಂದ್ರೆ ಬೇರೇನೂ ಅಲ್ಲ, ಕಾರಿನ ಎರಡು ಕಿವಿಗಳ ಹಾಗೆ ಹೊರಗೆ ಚಾಚಿಕೊಂಡಿರುವ ಸೈಡ್ ಮಿರರ್. ಎಷ್ಟೋ ಕಾರುಗಳಲ್ಲಿ ಕಡಿಮೆ ಬೆಲೆಯ ವೇರಿಯಂಟ್‌ಗೆ ಆ ಸಾಲಿನಲ್ಲಿ ಸಿಗೋದು ಅಡ್ಡಗೆರೆ. ನಮ್ಮನೆ ಕಾರೂ ಅಡ್ಡಗೆರೆಯ ಪೈಕಿಯೇ.

‘ಅದೇನ್ ಮಹಾ, ಶೋಕಿಗೆ ಹಾಕ್ತಾರೆ’ ಅನ್ನೋರು ಬಹಳ ಜನ. ಶೋಕಿ ಇದ್ದರೂ ಇರಬಹುದು. ಆದರೆ ಆ ದೀಪ ಯಾರಿಗೋಸ್ಕರ ಇರೋದು ಅಂತ ನನಗೆ ಬಿಡಿಸಿ ಹೇಳಿದ್ದು ನನ್ನ ತಂಗಿ.

ಅವಳು ದಿನಾ ಸ್ಕೂಟರ್‌ನಲ್ಲಿ ಆಫೀಸಿಗೆ ಹೋಗಿಬರೋಳು. ಕಳೆದ ಮಳೆಗಾಲದಲ್ಲಿ ಒಂದು ಸಂಜೆ, ನಿಧಾನವಾಗಿ ತೆವಳುತ್ತಿದ್ದ ಟ್ರಾಫಿಕ್ಕಿನಲ್ಲಿ ಒಂದು ಕಾರಿನ ಎಡಪಕ್ಕ ಹೋಗ್ತಿದ್ದಳು. ಕಾರು ಎಡಗಡೆಯ ಕ್ರಾಸಿಗೆ ತಿರುಗಿತು. ಹ್ಯಾಂಡಲ್ ಬಾಗಿಲಿಗೆ ತಾಗಿ ಬಿದ್ದಳು. ಮೊಣಕೈ ತರಚಿ, ಬ್ರೇಕ್ ಲಿವರ್ ಬಾಗಿದ್ದಷ್ಟಕ್ಕೇ ಮುಗಿಯಿತು, ಪುಣ್ಯ. ಕಾರಿನಿಂದ ಇಳಿದವರು ವಯಸ್ಸಾದ ಸಭ್ಯಸ್ಥರು. ಅವಳನ್ನ ಎಬ್ಬಿಸಿ, ನೀರು ಕೊಟ್ಟು, ‘ಇಂಡಿಕೇಟರ್ ಹಾಕಿದ್ದೆನಮ್ಮ, ನೋಡು, ಈಗಲೂ ಮಿನುಗ್ತಿದೆ’ ಅಂದರಂತೆ. ನಿಜ, ಮಿನುಗ್ತಿತ್ತು.

ಮನೆಗೆ ಬಂದು ಅವಳು ಹೇಳಿದ್ದಿಷ್ಟು: ‘ಅಣ್ಣ, ಅವರು ಇಂಡಿಕೇಟರ್ ಹಾಕೋ ಹೊತ್ತಿಗೆ ನಾನು ಹಿಂದಿನ ಬಾಗಿಲ ಹತ್ರ ಇದ್ದೆ. ಹಿಂದಿನ ದೀಪ ನನ್ನ ಬೆನ್ನಿಗಿತ್ತು. ಮುಂದಿನದು ಬಾನೆಟ್‌ನಿಂದಾಚೆ. ನಾನು ನೋಡ್ತಿದ್ದಿದ್ದು ಸೈಡ್ ಮಿರರ್ ಒಂದನ್ನೇ, ಹ್ಯಾಂಡಲ್ ತಾಗದೇ ಇರಲಿ ಅಂತ.’

ಎಡಗಡೆಯಿಂದ ನುಗ್ಗಬಾರದು ಅನ್ನೋದು ಸರಿಯೇ. ಅದನ್ನ ಅವಳಿಗೂ ಹೇಳಿದೆ. ಆದರೆ ನಮ್ಮ ಬೆಂಗಳೂರಿನಲ್ಲಿ ಕಾರಿನ ಎರಡೂ ಪಕ್ಕ ಬೈಕು, ಸ್ಕೂಟರ್ ಹರಿದುಹೋಗೋದು ನಾವೆಲ್ಲ ದಿನಾ ಕಾಣೋ ಸತ್ಯ. ಸಂದಿಯಲ್ಲಿ ತೂರಿಕೊಂಡು ಹೋಗುವವರ ಕಣ್ಣು ಎಲ್ಲಿರುತ್ತೆ? ಕಾರಿನಲ್ಲಿ ಅತಿ ಹೆಚ್ಚು ಹೊರಗೆ ಚಾಚಿದ ಭಾಗದ ಮೇಲೆ, ಅಂದ್ರೆ ಮಿರರ್ ಮೇಲೆ. ಅವರು ಮೊದಲೇ ನೋಡ್ತಿರೋ ಜಾಗದಲ್ಲಿ ದೀಪ ಮಿನುಗಿದರೆ ಹುಡುಕೋ ಕೆಲಸವೇ ಇಲ್ಲ. ಮಿರರ್ ಇಂಡಿಕೇಟರ್‌ನ ಉಪಯೋಗ ಇಷ್ಟೇ. ಇಷ್ಟೇ ಆದರೂ ದೊಡ್ಡದು.

ಮಿರರ್‌ನಲ್ಲಿ ದೀಪ ಇಲ್ಲದ ಕಾರಿಗೆ ಸಾಮಾನ್ಯವಾಗಿ ಮುಂಚಕ್ರದ ಹಿಂದೆ, ಫೆಂಡರ್ ಮೇಲೆ ಒಂದು ಪುಟ್ಟ ಇಂಡಿಕೇಟರ್ ಇರುತ್ತೆ. ಅದರೊಳಗಿನ ಬಲ್ಬು ಹೆಚ್ಚಾಗಿ 5 ವ್ಯಾಟ್‌ನದು. ಮುಂದೆ ಹಿಂದೆ ಇರುವ ದೊಡ್ಡ ಬಲ್ಬುಗಳು 21 ವ್ಯಾಟ್. ರಾತ್ರಿ ಹೊತ್ತು ಪುಟ್ಟ ದೀಪವೂ ಸಾಕು. ಮಧ್ಯಾಹ್ನದ ಬಿಸಿಲಲ್ಲಿ, ಅಷ್ಟು ಕೆಳಗೆ, ಧೂಳು ಕೂತ ಗಾಜಿನ ಹಿಂದೆ ಅದು ಉರಿದರೂ ಒಂದೇ, ಬಿಟ್ಟರೂ ಒಂದೇ.

ಪಕ್ಕದವರಿಗೆ ಕಾಣಬೇಕು ಅನ್ನೋ ಯೋಚನೆ ಹೊಸದೇನಲ್ಲ. ಮಾರಿಸ್ ಮೈನರ್‌ನಂಥ ಹಳೇ ಕಾರುಗಳಲ್ಲಿ ‘ಟ್ರಾಫಿಕೇಟರ್’ ಅನ್ನೋ ಪುಟ್ಟ ಕೈ ಇತ್ತು. ಸ್ವಿಚ್ ತಿರುಗಿಸಿದರೆ ಎರಡು ಬಾಗಿಲ ನಡುವಿನ ಕಂಬದಿಂದ ಅದು ಹೊರಗೆ ಚಾಚಿಕೊಂಡು ಬೆಳಗ್ತಿತ್ತು. ಮಿನುಗುವ ದೀಪಗಳು ಬಂದಮೇಲೆ ಸೂಚನೆಯೆಲ್ಲ ಕಾರಿನ ಮೂಲೆಗಳಿಗೆ ಹೋಯಿತು. 1998ರಲ್ಲಿ ಬಂದ ಮರ್ಸಿಡಿಸ್ ಬೆಂಝ್ ಎಸ್ ಕ್ಲಾಸ್‌ನಂಥ ದುಬಾರಿ ಕಾರಿನ ಮಿರರ್‌ನಲ್ಲಿ ಕಾಣಿಸಿಕೊಂಡ ಇಂಡಿಕೇಟರ್ ಈಗ ನಮ್ಮ ಬೀದಿಯ ಸಣ್ಣ ಕಾರುಗಳಲ್ಲೂ ಇದೆ.

ಸರಿ, ಇಲ್ಲದವರು ಹಾಕಿಸಿಕೊಳ್ಳೋದು ಹೇಗೆ? ನಾನು ಒಂದು ಶನಿವಾರ ಜೆ.ಸಿ. ರಸ್ತೆಗೆ ಹೋದೆ. ಕಾರಿನ ಅಲಂಕಾರಕ್ಕೆ ಬೇಕಾದ್ದು, ಬೇಡದ್ದು ಎಲ್ಲ ಸಿಗುವ ಬೀದಿ ಅದು. ಅಂಗಡಿಯ ಹುಡುಗ ಮೂರು ಬಗೆ ತೋರಿಸಿದ. ಒಂದು, ಮಿರರ್‌ನ ಹೊರಮೈಗೆ ಅಂಟಿಸುವ ಎಲ್‌ಇಡಿ ಪಟ್ಟಿ. ಕೆಲವೇ ನೂರು ರೂಪಾಯಿ, ಮಳೆಗೆ ಅಂಟು ಬಿಟ್ಟರೆ ಅಲ್ಲಿಗೆ ಮುಗೀತು. ಎರಡು, ದೀಪ ಕೂರಿಸಿದ ಮಿರರ್ ಕವರ್. ಹಳೇ ಕವರ್ ತೆಗೆದು ಇದನ್ನ ಹಾಕೋದು. ಮೂರು, ನಮ್ಮದೇ ಕಾರಿನ ಟಾಪ್ ವೇರಿಯಂಟ್‌ನ ಇಡೀ ಮಿರರ್. ಬೆಲೆ ಸಾವಿರಗಳಲ್ಲಿ. ಅದನ್ನ ತಂದ ಮಾತ್ರಕ್ಕೆ ದೀಪ ಉರಿಯುತ್ತೆ ಅಂತಲೂ ಇಲ್ಲ, ಯಾಕಂದ್ರೆ ಕೆಳಗಿನ ವೇರಿಯಂಟ್‌ನ ಬಾಗಿಲೊಳಗೆ ಅದಕ್ಕೆ ಬೇಕಾದ ವೈರು ಇಲ್ಲದೇ ಇರಬಹುದು.

ನಾನು ಎರಡನೇದನ್ನ ಆರಿಸಿದೆ. ‘ಸಾರ್, ಇದ್ರಲ್ಲಿ ಬಿಳಿ ಲೈಟೂ ಬರುತ್ತೆ, ಇಂಡಿಕೇಟರ್ ಹಾಕಿದ್ರೆ ನೀರ್ ಹರಿದಂಗೆ ಓಡುತ್ತೆ’ ಅಂತ ಹುಡುಗ ಇನ್ನೊಂದನ್ನ ಮುಂದೆ ಮಾಡಿದ. ಸಾದಾದ್ದೇ ಕೊಡಪ್ಪ ಅಂದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಇಂಡಿಕೇಟರ್ ಬಣ್ಣ ಆಂಬರ್ ಇರಬೇಕು, ಅಂದ್ರೆ ಹಳದಿಗೂ ಕಿತ್ತಳೆಗೂ ನಡುವಿನದು. ನಿಮಿಷಕ್ಕೆ 60ಕ್ಕಿಂತ ಕಡಿಮೆ, 120ಕ್ಕಿಂತ ಹೆಚ್ಚು ಸಲ ಮಿನುಗಬಾರದು. ಅರ್ಧ ಸೆಕೆಂಡಿನಲ್ಲಿ ಅರ್ಥವಾಗಬೇಕಾದ ಮಾತನ್ನ ಎಲ್ಲರಿಗೂ ಗೊತ್ತಿರುವ ಬಣ್ಣದಲ್ಲೇ ಹೇಳಬೇಕು. ನೀಲಿ, ಬಿಳಿ ಅಂತ ಹೊಸ ಭಾಷೆ ಶುರುಮಾಡಿದರೆ ಪಕ್ಕದವರು ತಬ್ಬಿಬ್ಬಾಗ್ತಾರೆ.

ದೀಪಕ್ಕಿಂತ ಮುಖ್ಯ ವೈರಿಂಗ್. ಮಿರರ್‌ನಿಂದ ಹೊರಟ ಎರಡು ವೈರು ಬಾಗಿಲೊಳಗೆ ಇಳಿದು, ಬಾಗಿಲಿಗೂ ಬಾಡಿಗೂ ನಡುವೆ ಇರುವ ರಬ್ಬರ್ ಕೊಳವೆಯಲ್ಲಿ ಹಾದು, ಅದೇ ಪಕ್ಕದ ಇಂಡಿಕೇಟರ್ ವೈರಿಗೆ ಸೇರಬೇಕು. ಕೆಲಸ ಕೆಡೋದು ಹೆಚ್ಚಾಗಿ ಆ ಕೊಳವೆಯಲ್ಲೇ. ಬಾಗಿಲು ದಿನಕ್ಕೆ ಹತ್ತಾರು ಸಲ ತೆಗೆದು ಹಾಕ್ತೀವಿ. ವೈರು ಬಿಗಿಯಾಗಿದ್ದರೆ ಒಂದಲ್ಲ ಒಂದು ದಿನ ತುಂಡಾಗುತ್ತೆ ಇಲ್ಲವೇ ಸವೆದು ಶಾರ್ಟ್ ಆಗುತ್ತೆ. ವೈರನ್ನ ಕೊಳವೆಯ ಹೊರಗೆ ಬಾಗಿಲ ಸಂದಿಯಲ್ಲಿ ಎಳೆದರೆ ಇನ್ನೂ ಬೇಗ. ಕೂಡಿಸಿದ ಜಾಗಕ್ಕೆ ಬೆಸುಗೆ ಹಾಕಿ ಸ್ಲೀವ್ ಹಾಕಿಸಿ. ವೈರು ತಿರುಚಿ ಟೇಪ್ ಸುತ್ತಿದರೆ ಬಿಸಿಲಿಗೆ ಅಂಟು ಕರಗಿ, ಮಳೆನೀರು ಒಳಗೆ ಹೋಗುತ್ತೆ.

ಇನ್ನೊಂದು ವಿಷಯ. ಹಳೇ ಕಾಲದ ಫ್ಲ್ಯಾಷರ್ ರಿಲೇ ಇರುವ ಕಾರಿನಲ್ಲಿ, ಇರುವ ಬಲ್ಬುಗಳ ಜೊತೆಗೆ ಪುಟ್ಟ ಎಲ್‌ಇಡಿ ಸೇರಿಸಿದರೆ ಸಾಮಾನ್ಯವಾಗಿ ಮಿನುಗುವ ವೇಗ ಬದಲಾಗಲ್ಲ, ಅದು ಎಳೆಯೋ ಕರೆಂಟು ಅಷ್ಟು ಕಡಿಮೆ. ಇರುವ 21 ವ್ಯಾಟ್ ಬಲ್ಬನ್ನೇ ತೆಗೆದು ಎಲ್‌ಇಡಿ ಹಾಕಿದರೆ ಮಾತ್ರ, ಬಲ್ಬು ಹೋಗಿದೆ ಅಂದ್ಕೊಂಡು ರಿಲೇ ಟಕಟಕ ಅಂತ ಜೋರಾಗಿ ಹೊಡೆಯೋಕೆ ಶುರುಮಾಡುತ್ತೆ. ಹೊಸ ಕಾರುಗಳಲ್ಲಿ ದೀಪಗಳ ಮೇಲೆ ಕಂಪ್ಯೂಟರ್ ಕಣ್ಣಿರುತ್ತೆ. ವಾರಂಟಿ ಇದ್ದರಂತೂ ಸರ್ವಿಸ್ ಸೆಂಟರ್‌ನಲ್ಲಿ ಕೇಳದೆ ವೈರು ಕತ್ತರಿಸೋಕೆ ಬಿಡಬೇಡಿ.

ಹಾಕಿಸಿದ ಮೇಲೆ ಅಂಗಡಿ ಮುಂದೆಯೇ ಇಂಡಿಕೇಟರ್ ಹಾಕಿಟ್ಟು ಬಾಗಿಲನ್ನ ಹತ್ತು ಸಲ ತೆಗೆದು ಹಾಕಿ, ಗಾಜು ಇಳಿಸಿ ಏರಿಸಿ, ಮಿರರ್ ಮಡಚಿ ನೋಡಿ. ಮೊಬೈಲ್‌ನಲ್ಲಿ 15 ಸೆಕೆಂಡ್ ಇಟ್ಟು ಎಣಿಸಿ: 15ರಿಂದ 30ರೊಳಗೆ ಮಿನುಗಬೇಕು. ಮುಂದಿನ, ಹಿಂದಿನ ದೀಪದ ಜೊತೆಗೇ ಉರಿದು ಜೊತೆಗೇ ಆರಬೇಕು.

ಇಷ್ಟೆಲ್ಲ ಮಾಡಿದ ಮೇಲೂ ದೀಪಕ್ಕೆ ತಾನಾಗಿ ಏನೂ ಗೊತ್ತಿರಲ್ಲ. ಲಿವರ್ ನಮ್ಮ ಕೈಯಲ್ಲೇ ಇರೋದು. ‘ಇಂಡಿಕೇಟರ್ ಹಾಕಿದ್ರೆ ಹಿಂದಿನವ್ನು ಇನ್ನೂ ಜೋರಾಗಿ ಬರ್ತಾನೆ, ಅದಕ್ಕೇ ಹಾಕಲ್ಲ’ ಅನ್ನೋ ಗೆಳೆಯರು ನನಗೂ ಇದ್ದಾರೆ, ನಿಮಗೂ ಇರ್ತಾರೆ. ಜೋರಾಗಿ ಬಂದರೆ ಬರಲಿ ಬಿಡಿ. ನಾವು ತಿರುಗ್ತೀವಿ ಅಂತ ಗೊತ್ತಾಗಿಯೇ ಬಂದನಲ್ಲ! ಗೊತ್ತಿಲ್ಲದೆ ಬಂದು ಬಾಗಿಲಿಗೆ ಗುದ್ದೋದಕ್ಕಿಂತ ಅದು ಎಷ್ಟೋ ವಾಸಿ.

ಸ್ಟೀರಿಂಗ್ ತಿರುಗಿಸ್ತಾ ಇಂಡಿಕೇಟರ್ ಹಾಕಿದರೆ ಅದು ಸೂಚನೆಯಲ್ಲ, ವರದಿ. ಲೆಕ್ಕ ನೋಡಿ: ನಿಮಿಷಕ್ಕೆ 90 ಸಲ ಮಿನುಗುವ ದೀಪ ಮೂರು ಸಲ ಮಿನುಗೋಕೆ 2 ಸೆಕೆಂಡ್ ಬೇಕು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಆ 2 ಸೆಕೆಂಡಿನಲ್ಲಿ ಸ್ಕೂಟರ್ ಸುಮಾರು 22 ಮೀಟರ್ ಮುಂದೆ ಬಂದಿರುತ್ತೆ. ನೋಡಿ, ಅರ್ಥಮಾಡಿಕೊಂಡು, ಬ್ರೇಕ್ ಹಿಡಿಯೋಕೆ ಅವರಿಗೆ ಅದಕ್ಕಿಂತ ಹೆಚ್ಚು ಹೊತ್ತು ಕೊಡೋದು ನಮ್ಮ ಕೆಲಸ.

ಮಳೆ ಬಂತು, ಸರ್ಕಲ್‌ನಲ್ಲಿ ನೇರ ಹೋಗ್ಬೇಕು ಅಂತ ನಾಲ್ಕೂ ಇಂಡಿಕೇಟರ್ ಹಾಕ್ಕೊಂಡು ಓಡಿಸುವವರು ಇದನ್ನ ಗಮನಿಸಿ. ಪಕ್ಕದಲ್ಲಿರೋರಿಗೆ ನಿಮ್ಮ ಒಂದೇ ಮಿರರ್ ಕಾಣೋದು. ನೀವು ನೇರ ಹೋಗ್ತೀನಿ ಅಂದ್ಕೊಂಡಿದ್ದೀರಿ, ಎಡಗಡೆಯವರು ನೀವು ಎಡಕ್ಕೆ ಬರ್ತೀರಿ ಅಂದ್ಕೊಳ್ತಾರೆ, ಬಲಗಡೆಯವರು ಬಲಕ್ಕೆ! ಹಜಾರ್ಡ್ ಲೈಟು ಕೆಟ್ಟು ನಿಂತ ಗಾಡಿಗೆ ಇರಲಿ.

ದುಡ್ಡು ಖರ್ಚು ಮಾಡೋ ಮುಂಚೆ ಈ ಭಾನುವಾರ ಮನೆಯವರ ಜೊತೆ ಒಂದು ಪರೀಕ್ಷೆ ಮಾಡಿ. ಮಧ್ಯಾಹ್ನದ ಬಿಸಿಲಲ್ಲಿ ಯಾರಾದರೂ ಒಬ್ಬರು ಕಾರಿನಲ್ಲಿ ಕೂತು ಎಡ ಇಂಡಿಕೇಟರ್ ಹಾಕಲಿ. ನೀವು ಹಿಂದಿನ ಬಂಪರ್‌ನಿಂದ ಶುರುಮಾಡಿ, ಸ್ಕೂಟರ್‌ನಲ್ಲಿ ಕೂತವರ ಎತ್ತರಕ್ಕೆ ಬಗ್ಗಿ, ನಿಧಾನವಾಗಿ ಮುಂದಿನ ಚಕ್ರದವರೆಗೆ ನಡೆಯಿರಿ. ದಾರಿಯುದ್ದಕ್ಕೂ ಯಾವುದಾದರೂ ದೀಪ ಕಾಣ್ತಿದ್ದರೆ ನಿಮ್ಮ ಕಾರಿಗೆ ಏನೂ ಬೇಕಾಗಿಲ್ಲ, ಫೆಂಡರ್ ಮೇಲಿನ ಗಾಜು ಒರೆಸಿದರೆ ಸಾಕು. ನಡುವೆ ಎಲ್ಲಾದರೂ ನಾಲ್ಕು ಹೆಜ್ಜೆ ದೀಪವೇ ಕಾಣದಿದ್ದರೆ, ದಿನಾ ಯಾರಾದರೊಬ್ಬರು ನಿಮ್ಮ ಪಕ್ಕ ಗಾಡಿ ಓಡಿಸೋದು ಅದೇ ನಾಲ್ಕು ಹೆಜ್ಜೆಯ ಜಾಗದಲ್ಲಿ. ಆಗ ಜೆ.ಸಿ. ರಸ್ತೆಗೆ ಹೊರಡಿ.